ಒಳಗೆ ಬಿಡುವ ಎರಡು ಇಂಚು

ಮಾರ್ಚ್ 3, ಭಾನುವಾರ

ತೂಕ ಇಳಿಸುವ ಈ ವಾರದ ಇಂಜೆಕ್ಷನ್ ಆಯಿತು. ಹೊಟ್ಟೆಯ ಎಡಕ್ಕೆ. ಶುರುಮಾಡಿ ವರ್ಷ ತುಂಬಿತು. ತೊಂಬತ್ನಾಲ್ಕು ಕೆಜಿ ಇದ್ದವಳು ಎಪ್ಪತ್ತೈದಕ್ಕೆ ಬಂದೆ. ಅಂಗಡಿಯ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ! ಅಮ್ಮನಿಗೆ ಇದೇ ವಯಸ್ಸಿಗೆ ಮಂಡಿ ಕೈಕೊಟ್ಟಿತ್ತು. ಕಡೆಯ ಆರು ವರ್ಷ ಮನೆ ಬಿಟ್ಟು ಕೆಳಗಿಳಿಯಲಿಲ್ಲ. ನನಗೆ ಆ ಗತಿ ಬೇಡಪ್ಪಾ.

ಗಿರಾಕಿಗಳ ಬಟ್ಟೆಗೆಲ್ಲ ಹೊಲಿಗೆಯ ಒಳಗೆ ಎರಡು ಇಂಚು ಬಿಡುತ್ತೇನೆ — ಮೈ ಬಂದರೆ ಬಿಚ್ಚಿ ಅಗಲ ಮಾಡಬಹುದು. ಇವತ್ತು ನನ್ನ ಬಟ್ಟೆಗಳದ್ದು ಮಾತ್ರ ಕಚಕಚ ಕತ್ತರಿಸಿ ಎಸೆದೆ. ಇನ್ನೇಕೆ?

ಮಾರ್ಚ್ 10

ಅಕ್ಕನ ಮನೆಯಲ್ಲಿ ಊಟ. ಅರ್ಧ ಬಿಟ್ಟೆ. "ನನ್ನ ಕೈರುಚಿ ಕೆಟ್ಟೋಯ್ತೇನೇ?" ಅಂದಳು. ಇಂಜೆಕ್ಷನ್ ಶುರುವಾದಾಗಿನಿಂದ ಹಸಿವೇ ಇಲ್ಲ, ಹೇಳಿದರೆ ನಂಬುವುದಿಲ್ಲ.

ಚಿಕ್ಕವರಿದ್ದಾಗ ನಾನೂ ಅಕ್ಕನೂ ಸ್ಕೂಲಿನಿಂದ ಬಂದವರೇ ಚೀಲ ಮೂಲೆಗೆಸೆದು ಹಾಲಿನ ಪಾತ್ರೆಗೆ ಬೀಳುತ್ತಿದ್ದೆವು. ಅಂಟಿದ ಕೆನೆ ಕೆರೆಯಲು ಜುಟ್ಟು ಹಿಡಿದು ಜಗಳ. "ಹೊಟ್ಟೆಬಾಕಿಗಳಾ!" ಅಂತ ಅಮ್ಮ ನಗುತ್ತಿದ್ದಳು. ಎಂಥ ಹಸಿವು ಅದು! ನೆನೆದರೆ ಅಳು ಬರುತ್ತದೆ.

ಮಾರ್ಚ್ 31

ಮೂರು ವಾರದಿಂದ ಚುಚ್ಚಿಕೊಂಡಿಲ್ಲ. ಡಾಕ್ಟರಿಗೆ ಹೇಳಿಲ್ಲ. ಇಳಿದದ್ದು ಇಳಿಯಿತಲ್ಲ, ಇನ್ನು ನಾನೇ ನೋಡಿಕೊಳ್ಳುತ್ತೇನೆ. ಇವತ್ತು ನಾಲ್ಕು ಗಂಟೆಗೆ ಹಸಿವಾಯಿತು! ಅಂಗಡಿ ಮುಚ್ಚಿ ಅಕ್ಕನಲ್ಲಿಗೆ ಓಡಿದೆ. ಒಂದೇ ತಟ್ಟೆಯಲ್ಲಿ ತಿಂದೆವು, ಬೈದಾಡಿಕೊಂಡು.

ಆಗಸ್ಟ್ 12

ಎಂಬತ್ಮೂರು ಕೆಜಿ. ವಾಕಿಂಗ್ ತಪ್ಪಿಸಿಲ್ಲ, ಸಿಹಿ ಮುಟ್ಟಿಲ್ಲ. ಆದರೂ... ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತೆ. ರವಿಕೆಯ ತೋಳು ಬಿಗಿ. ಬಿಚ್ಚೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ. ಟೈಲರ್ ಅಂತೆ, ಟೈಲರ್!

ಆಗಸ್ಟ್ 14

ಡಾಕ್ಟರ್ ಬೈಯಲಿಲ್ಲ. "ಬಿಟ್ರೆ ಹೆಚ್ಚಿನವರಿಗೆ ತೂಕ ವಾಪಸ್ ಬರುತ್ತೆ. ನಿಮ್ಮ ತಪ್ಪಲ್ಲ ಇದು. ಕನ್ನಡಕ ತೆಗೆದ್ರೆ ಕಣ್ಣು ಮಂಜಾಗಲ್ವಾ?"

"ಹಾಗಾದ್ರೆ ಸಾಯೋತನಕನಾ?"

"ತುಂಬ ವರ್ಷ ಬೇಕಾಗಬಹುದು. ಇಪ್ಪತ್ತು ವರ್ಷ ತಗೊಂಡ್ರೆ ಏನಾಗುತ್ತೆ ಅಂತ ನನಗೂ ಗೊತ್ತಿಲ್ಲ."

ನನ್ನ ತಪ್ಪಲ್ಲ ಅಂದರಲ್ಲ, ಅದಕ್ಕೇ ಅತ್ತೆ. ಅಲ್ಲೇ, ನರ್ಸ್ ಎದುರಿಗೇ.

ಆಗಸ್ಟ್ 18, ಭಾನುವಾರ

ಮತ್ತೆ ಶುರು, ಸಣ್ಣ ಡೋಸಿನಿಂದ. ಅಕ್ಕನಿಗೆ ಎಲ್ಲ ಹೇಳಿದೆ.

"ಅಮ್ಮನ್ನ ದಿನಾ ಬಾತ್‌ರೂಮಿಗೆ ಎತ್ಕೊಂಡು ಹೋದವಳು ನಾನು ಕಣೇ. ನಿನ್ನನ್ನೂ ಎತ್ತೋ ಶಕ್ತಿ ನಂಗಿಲ್ಲ. ತಿನ್ನಕ್ಕಾಗದಿದ್ರೆ ಬಿಡು. ನಾನು ತಿನ್ನುವಾಗ ಪಕ್ಕದಲ್ಲಿ ಕೂತ್ಕೋ, ಸಾಕು."

ಸೆಪ್ಟೆಂಬರ್ 8

ಹಸಿವು ದಿನದಿನಕ್ಕೆ ಕಮ್ಮಿ. ಇವತ್ತು ಮಾತ್ರ, ಯಾಕೋ, ಬೆಳಗ್ಗೆಯಿಂದ ಚೂರು ಇದೆ. ಅಕ್ಕ ಫೋನ್ ಮಾಡಿದಳು, ಅಡುಗೆ ಆಗಿದೆಯಂತೆ. ಬರೆಯುತ್ತ ಕೂತರೆ ಇದೂ ಹೊರಟುಹೋದೀತು, ಅಷ್ಟರೊಳಗೆ—