ನಮ್ಮ ಹನ್ನೊಂದು ಕಂಪ್ಯೂಟರುಗಳನ್ನು ಬಿಟ್ಟು ಹೊರಡಲೊಲ್ಲದ ಹಳೆಯ ಸಾಫ್ಟ್‌ವೇರ್

ಕೇಂದ್ರ ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಆರು ತಿಂಗಳ ಹಿಂದೆ ನೀವು ಸುತ್ತೋಲೆ ಹೊರಡಿಸಿ ಮನೆಗೆ ಕಳುಹಿಸಿದ ಹಳೆಯ ಸಾಫ್ಟ್‌ವೇರ್ ಮನೆಗೆ ಹೋಗಿಲ್ಲ. ನಮ್ಮ ಗೋದಾಮಿನಲ್ಲಿ ಅದು ದಿನಾ ಬೆಳಿಗ್ಗೆ ನಮಗಿಂತ ಮೊದಲೇ ಕೆಲಸಕ್ಕೆ ಹಾಜರಾಗುತ್ತಿದೆ. ಅದನ್ನು ತೆಗೆದುಹಾಕಲಿಲ್ಲವೆಂಬ ಅಪರಾಧಕ್ಕೆ ನಮ್ಮ ಕಂಪ್ಯೂಟರ್ ನಿರ್ವಾಹಕಿಗೆ, ಅಂದರೆ ನನ್ನ ಸ್ವಂತ ತಂಗಿಯ ಮಗಳಿಗೆ, ನೀವು ನೋಟಿಸ್ ಜಾರಿ ಮಾಡಿದ್ದೀರಿ. ತಿಂಗಳ ಕೊನೆಯೊಳಗೆ ಹನ್ನೊಂದು ಕಂಪ್ಯೂಟರುಗಳೂ ಸ್ವಚ್ಛವಾಗದಿದ್ದರೆ ಅವಳ ಗುತ್ತಿಗೆ ಮುಂದುವರಿಯುವುದಿಲ್ಲವಂತೆ. ಹೋಗಬೇಕಾದದ್ದು ಹೋಗುತ್ತಿಲ್ಲವೆಂದು ಇರಬೇಕಾದವಳನ್ನು ಕಳುಹಿಸುವುದು! ಇಂಥ ನ್ಯಾಯವನ್ನು ಕಂಡುಹಿಡಿಯಲು ಎಷ್ಟು ಮಂದಿಯ ಸಮಿತಿ ಬೇಕಾಯಿತು ಸ್ವಾಮಿ?

ನಾನು ಯಾರೆಂದು ಹೇಳಿಬಿಡುತ್ತೇನೆ. ಶಾಲೆಗಳಿಗೆ ಬೆಂಚು, ಮೇಜು, ಕಪ್ಪುಹಲಗೆ ಒದಗಿಸುವ ಈ ಗೋದಾಮಿನ ಮೇಲ್ವಿಚಾರಕ. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿವರೆಗೆ. ಅಲ್ಲಿ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಏಳು ತರಗತಿ. ಒಂದನೆಯಲ್ಲಿ ಕೂತಾಗಲೇ ಏಳನೆಯ ಪಾಠ ಕಿವಿಗೆ ಬೀಳುತ್ತಿದ್ದುದರಿಂದ, ಸರಿಯಾಗಿ ನೋಡಿದರೆ ನಾನು ಏಳನೇ ತರಗತಿಯನ್ನು ಏಳು ಸಲ ಓದಿದವನು. ನಿಮ್ಮಲ್ಲಿ ಯಾರಿಗಾದರೂ ಇಷ್ಟು ಓದು ಇದೆಯೆ? ಸೇವೆ ಮೂವತ್ತೊಂದು ವರ್ಷ. ಕಣ್ಣು ಮುಚ್ಚಿಕೊಂಡು ಬೆಂಚನ್ನು ಬೆರಳಲ್ಲಿ ತಟ್ಟಿದರೆ ಸಾಕು, ಯಾವ ಮರ, ಎಷ್ಟು ವರ್ಷ ಬಾಳುತ್ತದೆ ಎಂದು ಹೇಳಬಲ್ಲೆ. ಆ ಹುಡುಗಿ ನನ್ನನ್ನು ಮಾವ ಎಂದು ಕರೆಯುವುದನ್ನು ಕೇಳಿ ಕೇಳಿ ಲಾರಿ ಚಾಲಕನಿಂದ ಹಿಡಿದು ವ್ಯವಸ್ಥಾಪಕರವರೆಗೆ ಇಡೀ ಗೋದಾಮಿಗೇ ನಾನು ಮಾವ. ಇಂಥ ಮಾವನೆದುರು ಹಠ ಹಿಡಿದು ಕೂತಿದೆಯೆಂದರೆ ನಿಮ್ಮ ಸಾಫ್ಟ್‌ವೇರಿನ ಧೈರ್ಯವನ್ನು ಮೆಚ್ಚಲೇಬೇಕು.

ಅದು ಸುಮ್ಮನೆ ಕೂತಿದ್ದರೆ ನನ್ನ ತಕರಾರಿರಲಿಲ್ಲ. ಎಷ್ಟೋ ಜನ ಹಾಗೆಯೇ ಕೂತು ನಿವೃತ್ತರಾಗಿದ್ದಾರೆ. ಆದರೆ ಇದಕ್ಕೆ ಕೆಲಸ ಮಾಡುವ ಚಟ. ಶಾಲೆಯೊಂದರ ಬೇಡಿಕೆ ಬಂದರೆ, ಇದರ ಜಾಗಕ್ಕೆ ನೀವು ಕಳುಹಿಸಿದ ಹೊಸ ಸಾಫ್ಟ್‌ವೇರ್ ಒಂದು ರವಾನೆ ಚೀಟಿ ಮುದ್ರಿಸುತ್ತದೆ. ಎರಡು ದಿನ ಬಿಟ್ಟು ಹಳೆಯದು, ಯಾರೂ ಕೇಳದಿದ್ದರೂ, ಅದೇ ಬೇಡಿಕೆಗೆ ಇನ್ನೊಂದು ಮುದ್ರಿಸುತ್ತದೆ. ಚೀಟಿ ಬಂದ ಮೇಲೆ ಲಾರಿ ಹೊರಡಲೇಬೇಕು, ನಿಯಮ ನಿಮ್ಮದೇ. ಮೂವತ್ತೆಂಟು ಮಕ್ಕಳ ಶಾಲೆಯೊಂದಕ್ಕೆ ಹೀಗೆ ಎರಡು ಲಾರಿ ಬೆಂಚು ಹೋಯಿತು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ನನಗೆ ಫೋನ್ ಮಾಡಿದರು.

"ಅಲ್ರೀ, ನಿಮ್ಮ ಲಾರಿ ಮತ್ತೆ ಬಂದು ಗೇಟಲ್ಲಿ ನಿಂತಿದೆ. ಮಕ್ಕಳಿಗೆ ಬೆಂಚು ಕೊಡಿ ಅಂತ ಬರೆದಿದ್ದೆ. ಈಗ ಈ ಬೆಂಚುಗಳಿಗೆ ಮಕ್ಕಳನ್ನ ಎಲ್ಲಿಂದ ತರಲಿ?"

"ವರಾಂಡದಲ್ಲಿ ಇಳಿಸ್ಕೊಳ್ಳಿ ಮೇಡಂ."

"ವರಾಂಡದಲ್ಲಿ ಹಳೇ ಬೆಂಚುಗಳಿವೆ. ಮಕ್ಕಳು ಆಗ್ಲೇ ಅಡ್ಡಡ್ಡ ನಡೀತಿದಾರೆ. ಇದನ್ನೂ ಇಳಿಸಿದ್ರೆ ನಾನು ಕಿಟಕಿಯಿಂದ ಇಳೀಬೇಕಾಗುತ್ತೆ, ನನಗೆ ಮಂಡಿನೋವು!"

ಅದೇ ವಾರ, ನೆಲದ ಮೇಲೆ ಕೂತು ಬರೆಯುವ ಮಕ್ಕಳಿರುವ ಇನ್ನೊಂದು ಶಾಲೆಗೆ ನಮ್ಮಿಂದ 'ದಾಸ್ತಾನು ಇಲ್ಲ' ಎಂಬ ಉತ್ತರ ಹೋಯಿತು. ಇದು ನಗುವ ವಿಷಯವಲ್ಲವೆಂದು ನನಗೂ ಗೊತ್ತು.

ತೆಗೆದುಹಾಕಲು ಪ್ರಯತ್ನವನ್ನೇ ಮಾಡಿಲ್ಲವೆಂದು ನೋಟಿಸಿನಲ್ಲಿ ಬರೆದಿದ್ದೀರಿ. ಲಾರಿಯ ಗಲಾಟೆಯಾದ ಮೇಲೆ ಹುಡುಗಿ ಪಟ್ಟ ಪಾಡನ್ನು ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದ್ದೇನೆ. 'ತೆಗೆದುಹಾಕು' ಎಂಬಲ್ಲಿ ಒತ್ತಿದಳು. ಖಚಿತವೇ ಎಂದು ಕೇಳಿತು. ಖಚಿತ ಎಂದಳು. ನಮ್ಮನ್ನು ಬಿಡುತ್ತಿರುವುದೇಕೆಂದು ಕೇಳಿ ಆರು ಕಾರಣಗಳ ಪಟ್ಟಿ ಮುಂದಿಟ್ಟಿತು. ಬೇರೆಯಾಗಲು ಬಂದ ಗಂಡಹೆಂಡಿರನ್ನು ನ್ಯಾಯಾಧೀಶರೂ ಇಷ್ಟು ವಿಚಾರಿಸುವುದಿಲ್ಲ. ಅದಕ್ಕೂ ಉತ್ತರಿಸಿದಳು. 'ಸಾಫ್ಟ್‌ವೇರ್ ಬಳಕೆಯಲ್ಲಿದೆ, ಮೊದಲು ಮುಚ್ಚಿ' ಎಂದಿತು. ಮುಚ್ಚಿದಳು, ತಾನೇ ತೆರೆದುಕೊಂಡಿತು. ಹೊರಡುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಇನ್ನೊಂದು ಗಂಟೆ ಮಾತಾಡುವ ನೆಂಟರನ್ನು ನಾನು ಬೇಕಾದಷ್ಟು ಸಾಗಹಾಕಿದ್ದೇನೆ. ಇದು ಅವರೆಲ್ಲರ ಗುರು. ಕೊನೆಗೆ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಅದಿರುವುದು ನಿಮ್ಮ ಹತ್ತಿರ. ನಿಮ್ಮ ವಿಭಾಗಕ್ಕೆ ಫೋನ್ ಮಾಡಿದರೆ, "ಹೊಸ ಸಾಫ್ಟ್‌ವೇರಲ್ಲೇ ಅರ್ಜಿ ಹಾಕಮ್ಮ, ನಾವು ಬೇರೆ ಥರ ತಗೊಳ್ಳಲ್ಲ" ಎಂದರು. ಹೊಸದರಲ್ಲಿ ಅರ್ಜಿಯ ಪುಟ ತೆರೆದರೆ, 'ಹಳೆಯ ಸಾಫ್ಟ್‌ವೇರ್ ಪತ್ತೆಯಾಗಿದೆ. ಅದನ್ನು ತೆಗೆದ ನಂತರ ಅರ್ಜಿ ಸಲ್ಲಿಸಿ.' ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತುವವರನ್ನು ನಮ್ಮ ಊರಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಇಲ್ಲಿ ಬರೆದರೆ ಈ ಪತ್ರಿಕೆಯ ಸಂಪಾದಕರು ಅಚ್ಚು ಹಾಕುವುದಿಲ್ಲ.

ಇನ್ನು ಎರಡನೆಯ ಆರೋಪ. ತೆಗೆದಿದ್ದೇನೆಂದು ಅವಳು ಸುಳ್ಳು ದೃಢೀಕರಣ ಪತ್ರ ಕೊಟ್ಟಿದ್ದಾಳೆ ಎಂಬುದು. ಇಲ್ಲಿಗೆ ಬಂದಾಗ ನನ್ನ ಪೆನ್ನು ಸ್ವಲ್ಪ ನಿಧಾನವಾಗುತ್ತದೆ. 'ತೆಗೆದವನು' ನಾನು. ಸುತ್ತೋಲೆ ಬಂದ ದಿನ ಅವಳು ರಜೆಯಲ್ಲಿದ್ದಳು. ಉಳಿದೆಲ್ಲ ಗೋದಾಮುಗಳಿಗಿಂತ ಮೊದಲು ನಮ್ಮ ಪತ್ರವೇ ಹೋಗಬೇಕೆಂಬ ಚಪಲ ನನಗೆ. ಇದೇನು ಮಹಾ ವಿದ್ಯೆ ಎಂದು, ಪರದೆಯ ಮೇಲಿದ್ದ ಅದರ ಪುಟ್ಟ ಚಿತ್ರವನ್ನು ಎಳೆದು ಕಸದ ಬುಟ್ಟಿಗೆ ಹಾಕಿದೆ. ಹನ್ನೊಂದು ಕಂಪ್ಯೂಟರಿನಲ್ಲೂ. ಬುಟ್ಟಿಯನ್ನೂ ಖಾಲಿ ಮಾಡಿದೆ. ಇಪ್ಪತ್ತು ನಿಮಿಷ. ಮೂವತ್ತೊಂದು ವರ್ಷ ಗೋದಾಮು ಕಾದವನಿಗೆ ಕಣ್ಣಿಗೆ ಕಾಣದ ಸಾಮಾನು ಎಂದರೆ ಇಲ್ಲದ ಸಾಮಾನು. ಬಾಗಿಲಿನ ಹೆಸರುಫಲಕ ಕಿತ್ತ ಮಾತ್ರಕ್ಕೆ ಒಳಗಿದ್ದವರು ಮನೆ ಖಾಲಿ ಮಾಡುವುದಿಲ್ಲವೆಂದು ಹೊಳೆಯಲಿಲ್ಲ. ಮರುದಿನ ಅವಳ ಮುಂದೆ ಕಾಗದ ಹಿಡಿದೆ.

"ಎಲ್ಲಾ ಸರಿಯಾಗಿ ತೆಗೆದಿದ್ದೀರಾ ಮಾವ? ಒಂದ್ಸಲ ನೋಡ್ಲಾ?"

"ಏನೇ, ಮಾವನ್ನೇ ಪರೀಕ್ಷೆ ಮಾಡ್ತೀಯಾ? ನಿನಗೆ ಅಕ್ಷರ ತಿದ್ದಿಸಿದ್ದು ಯಾರು? ಹಾಕು ಸಹಿ, ಟಪಾಲು ಹೊರಟಿದೆ."

ಹಾಕಿದಳು. ಆ ವಾರದ ಸಭೆಯಲ್ಲಿ ವ್ಯವಸ್ಥಾಪಕರು ನನ್ನ ಬೆನ್ನು ತಟ್ಟಿದರು. ನಾನೂ ಬೆನ್ನು ಕೊಟ್ಟು ತಟ್ಟಿಸಿಕೊಂಡೆ. ನೋಟಿಸ್ ಬಂದ ದಿನದಿಂದ ಅವಳು ನನ್ನನ್ನು ಸರ್ ಎನ್ನುತ್ತಾಳೆ. "ಸರ್, ಚೀಟಿಗೆ ಸಹಿ ಬೇಕು." ಅಷ್ಟೇ ಮಾತು. ನಾಲ್ಕು ಜನರೆದುರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇದೆಲ್ಲವನ್ನೂ ಕೈಯಾರೆ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ನಿಮಗೆ ಕಳುಹಿಸಿದ್ದೆ. ಹತ್ತೇ ದಿನಕ್ಕೆ ವಾಪಸು ಬಂತು, ಮೇಲೊಂದು ಕೆಂಪು ಮೊಹರು: 'ಹೇಳಿಕೆಗಳನ್ನು ಹೊಸ ಸಾಫ್ಟ್‌ವೇರ್ ಮೂಲಕವೇ ಸಲ್ಲಿಸತಕ್ಕದ್ದು.' ತಪ್ಪು ಮಾಡಲು ಯಾರ ಪಾಸ್‌ವರ್ಡೂ ಬೇಕಾಗಲಿಲ್ಲ, ಒಪ್ಪಿಕೊಳ್ಳಲು ಬೇಕಾಯಿತು. ಹಾಗಾಗಿ ಪತ್ರಿಕೆಯ ಬಾಗಿಲು ತಟ್ಟಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಪಾಸ್‌ವರ್ಡ್ ಹಿಡಿದುಕೊಂಡು ನೀವೇ ಒಮ್ಮೆ ಬನ್ನಿ. ಹನ್ನೊಂದರಲ್ಲಿ ಒಂದನ್ನಾದರೂ ನಮ್ಮೆದುರು ಕೂತು ತೆಗೆದು ತೋರಿಸಿ. ಉಳಿದ ಹತ್ತನ್ನು ಹುಡುಗಿ ನಿಮಗಿಂತ ಚೆನ್ನಾಗಿ ತೆಗೆಯುತ್ತಾಳೆ. ಅದಕ್ಕೂ ಮೊದಲು, ಈ ವಾರವೇ, ಅವಳ ನೋಟಿಸನ್ನು ಬರಹದಲ್ಲಿ ವಾಪಸು ಪಡೆದು ಅದರಲ್ಲಿ ನನ್ನ ಹೆಸರು ಬರೆಯಿರಿ. ಅವಳು ಸಹಿ ಹಾಕಿದ್ದು ನನ್ನ ಮಾತು ನಂಬಿ. ಆ ತಪ್ಪಿನ ಶಿಕ್ಷೆಯನ್ನು ಅವಳು ದಿನಕ್ಕೆ ಹತ್ತು ಸಲ ನನಗೆ ಕೊಡುತ್ತಿದ್ದಾಳೆ, ನೀವು ಅವಳಿಗೆ ಕೊಡುವುದು ಬೇಡ. ನನ್ನ ಸೇವೆ ಇನ್ನು ಹದಿನಾಲ್ಕು ತಿಂಗಳಿದೆ. ಯಾರನ್ನಾದರೂ ತೆಗೆಯಲೇಬೇಕೆಂದಿದ್ದರೆ ನನ್ನನ್ನು ತೆಗೆಯಿರಿ. ಕಷ್ಟವೇನಿಲ್ಲ. ಹೋಗು ಎಂದು ಒಂದು ಸಲ ಹೇಳಿದರೆ ನಾನು ಹೋಗುತ್ತೇನೆ.

ಇಂತಿ,
ಈ ಪತ್ರ ಅಚ್ಚಾಗುವವರೆಗಾದರೂ ಕೆಲಸದಲ್ಲಿರುವ
ಗೋದಾಮಿನ ಮೇಲ್ವಿಚಾರಕ