ಡ್ರೋನ್ ಇಳಿದ ಜಾಗ

ನವೆಂಬರ್ ೧೧, ಮಂಗಳವಾರ

ದೊಡ್ಡ ಮಗಳಿಗೆ ಅಪ್ಪ ಬರೆಯುವುದು,

ನೀವೆಲ್ಲ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲಿ ಉಸಿರಾಡಿಕೊಂಡು ಇದ್ದೇವೆ. ನಿನ್ನ ಕಾಗದಕ್ಕೆ ಉತ್ತರ ಬರಲಿಲ್ಲ ಅಂತ ಮುಖ ಊದಿಸಿಕೊಳ್ಳಬೇಡ. ನಾಲ್ಕನೇ ಕ್ಲಾಸಿಗೇ ಸ್ಲೇಟು ಎಸೆದು ತಗಡು ಬಡಿಯಲು ಬಂದವನು ನಾನು, ಪೆನ್ನು ಹಿಡಿದರೆ ಬೆರಳು ಸೆಟೆದುಕೊಳ್ಳುತ್ತದೆ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಫೋನ್ ನಿಮ್ಮಮ್ಮನ ಸೊಂಟದಲ್ಲಿರುತ್ತದೆ. ನಾನು ಹಲೋ ಅಂದರೆ ಸಾಕು, ಸ್ಪೀಕರ್ ಹಾಕಿಸಿಕೊಂಡು ಮುಂದೆ ಕೂರುತ್ತಾಳೆ.

ಇವತ್ತೋ ನಾಳೆಯೋ ಅವಳು ನಿನ್ನನ್ನು ಹೊಸ ಡ್ರೋನ್ ಕಳಿಸು ಅಂತ ಕೇಳುತ್ತಾಳೆ. ಕಳಿಸಬೇಡ. ಅಳುತ್ತಾಳೆ, ಆದರೂ ಕಳಿಸಬೇಡ. ಯಾಕೆ ಅಂತ ಹೇಳುತ್ತೇನೆ, ನಡುವೆ ಬಾಯಿ ಹಾಕದೆ ಓದು.

ನಿನ್ನ ತಮ್ಮ ಕಳೆ ತೆಗೆಯುವ ದೋಣಿಯ ಜೊತೆ ಹಿನ್ನೀರಿನಲ್ಲಿ ಮುಳುಗಿದ್ದು, ದೋಣಿ ಮಾತ್ರ ಸಿಕ್ಕಿದ್ದು, ಮುಳುಗು ಹಾಕಿ ಹುಡುಕಲು ಬಂದವರು ಹಗ್ಗ ಸುತ್ತಿಕೊಂಡು ಹೊರಟು ಹೋದದ್ದು ಎಲ್ಲ ನಿನ್ನ ಕಣ್ಣೆದುರೇ ಆಯಿತು. ನೀನು ನಿನ್ನೂರಿಗೆ ಹೊರಟ ಮೇಲೆ ನಿಮ್ಮಮ್ಮ ಅಟ್ಟದಿಂದ ಅವನ ಡ್ರೋನ್ ಇಳಿಸಿದಳು. "ಅವ್ರು ನೀರೊಳಗೆ ಹುಡುಕಿದ್ರು. ನಾವು ಮೇಲಿಂದ ನೋಡೋಣ ರೀ," ಅಂದಳು. ನಾನು ಬೈದೆ. ಅವಳು ಊಟ ಬಿಟ್ಟಳು. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಅವನು ಯಾವಾಗಲೋ ಮರಕ್ಕೆ ಬಡಿಸಿ ಬೀಳಿಸಿದ್ದ ಡ್ರೋನ್ ಅದು. ಕ್ಯಾಮೆರಾ ಕತ್ತು ಮುರಿದ ಕೋಳಿಯ ಹಾಗೆ ಜೋತು ಬಿದ್ದಿತ್ತು. ಅದರ ಮೇಲೆ ಜಿಪಿಎಸ್ ಬೇರೆ ಸಿಗದು. ತಾನೆಲ್ಲಿದ್ದೇನೆ ಅಂತ ಅದು ಉಪಗ್ರಹಗಳಿಂದ ತಿಳಿದುಕೊಳ್ಳಬೇಕಂತೆ. ನಾನಿಟ್ಟಲ್ಲಿ ಅದಕ್ಕೆ ಒಂದೂ ಸಿಗಲಿಲ್ಲ. ನಿನ್ನ ತಮ್ಮನ ಜೊತೆ ಡ್ರೋನ್ ಹಾರಿಸುತ್ತಿದ್ದಳಲ್ಲ, ಮೊಬೈಲ್ ರಿಪೇರಿಯವಳು, ಅವಳನ್ನು ಕರೆಸಿದೆ. ನನ್ನ ತಗಡಿನ ಶೆಡ್ಡಿನಲ್ಲಿ, ತಗಡಿನ ಮೇಜಿನ ಮೇಲೆ, ಧೂಳು ಕೂರದಿರಲಿ ಅಂತ ನಾನೇ ಬಡಿದ ತಗಡಿನ ಮುಚ್ಚಳದ ಕೆಳಗೆ ಅದು ಕೂತಿತ್ತು. ಅವಳು ಒಂದು ಸುತ್ತು ನೋಡಿ, "ಅಂಕಲ್, ಇದನ್ನ ಡಬ್ಬಿಗೆ ಹಾಕಿ ಆಕಾಶ ಹುಡುಕು ಅಂದ್ರೆ ಪಾಪ ಎಲ್ಲಿಂದ ಹುಡುಕತ್ತೆ?" ಅಂದಳು. ಸಿಟ್ಟು ಬಂತು. ಆದರೂ ಹೊತ್ತುಕೊಂಡು ಅಂಗಳಕ್ಕೆ ಬಂದೆ.

ಅಲ್ಲಿ ಅದರ ದಿಕ್ಸೂಚಿ ಸರಿಮಾಡಬೇಕು ಅಂತ ಡ್ರೋನ್ ಕೈಯಲ್ಲಿ ಹಿಡಿಸಿ ನನ್ನನ್ನು ಸುತ್ತಿಸಿದಳು. ಎಷ್ಟು ಸುತ್ತಿದರೂ ತಪ್ಪು ತಪ್ಪು ಅನ್ನುತ್ತಿತ್ತು. ಗೋಡೆಯಾಚೆಯಿಂದ ಬಡಗಿ, "ಏನ್ ಮೇಸ್ತ್ರಿ, ಈ ವಯಸ್ಸಲ್ಲಿ ಡ್ಯಾನ್ಸ್ ಕ್ಲಾಸಾ?" ಅಂತ ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನು ಮಗಳಿಗೆ ಬರೆಯಲಾಗುವುದಿಲ್ಲ. ಕೊನೆಗೆ ಕಾರಣ ಸಿಕ್ಕಿತು: ಬಿದ್ದ ಸ್ಕ್ರೂ ಹೆಕ್ಕಲು ಅಂಗಿ ಜೇಬಿನಲ್ಲಿ ಯಾವತ್ತೂ ಇಟ್ಟುಕೊಳ್ಳುತ್ತೇನಲ್ಲ, ಆ ಅಯಸ್ಕಾಂತ. ನಿಮ್ಮಮ್ಮ ನಕ್ಕಳು. ನಕ್ಕೆನಲ್ಲಾ ಅಂತ ಒಳಗೆ ಹೋಗಿ ಅತ್ತಳು.

ಕ್ಯಾಮೆರಾ ಇನ್ನೂ ಸತಾಯಿಸಿತು. ಅದನ್ನು ಅಲ್ಲಾಡದ ಹಾಗೆ ಹಿಡಿಯುವ ಗಿಂಬಲ್ ಅನ್ನುವುದು ಸಣ್ಣ ರಬ್ಬರ್ ಗುಂಡುಗಳ ಮೇಲೆ ತೂಗುತ್ತದೆ. ಒಂದು ಹರಿದಿತ್ತು. ನಾನು ನಲ್ಲಿಯ ವಾಷರ್ ಕತ್ತರಿಸಿ ಕೂರಿಸಿದೆ. ಅದು ಗಟ್ಟಿಯಾಯಿತು, ರೆಕ್ಕೆಯ ನಡುಕವೆಲ್ಲ ಚಿತ್ರಕ್ಕೆ ಬಂತು. ಹಾಗೇ ಹಿನ್ನೀರಿನ ಮೇಲೆ ಹಾರಿಸಿದೆವು. ನಡುಗುವ ಚಿತ್ರದಲ್ಲಿ ನಿಮ್ಮಮ್ಮನಿಗೆ ಎಲ್ಲವೂ ಅವನೇ. ಕೊರಡು ಕಂಡರೆ ಅವನ ಬೆನ್ನು, ಪ್ಲಾಸ್ಟಿಕ್ ಚೀಲ ಕಂಡರೆ ಅವನ ಅಂಗಿ. ಪ್ರತಿ ಸಲವೂ ದಡ ಸುತ್ತಿ ಓಡುವುದು, ನಾನು ಹಿಂದೆ ಬೈದುಕೊಂಡು ಓಡುವುದು.

ರಿಪೇರಿಯವಳು ಸರಿಯಾದ ರಬ್ಬರ್ ತರಿಸಿ, ನನ್ನ ರಸಮಟ್ಟ ಇಟ್ಟು ಮೇಜು ಮಟ್ಟ ಮಾಡಿಸಿ, ಗಿಂಬಲ್ ಕೂರಿಸಿದಳು. ಚಿತ್ರ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಕೊರಡು ಕೊರಡೇ ಆಯಿತು, ಚೀಲ ಚೀಲವೇ ಆಯಿತು. ನಿಮ್ಮಮ್ಮ ಬಹಳ ಹೊತ್ತು ನೋಡಿ, "ಮೊದ್ಲೇ ಚೆನ್ನಾಗಿತ್ತು. ಯಾಕ್ರೀ ಸರಿ ಮಾಡಿದ್ರಿ?" ಅಂದಳು. ಇದಕ್ಕೆ ಏನು ಹೇಳುತ್ತೀಯ, ಹೇಳು.

ರಿಪೇರಿಯವಳು ಒಂದು ಮಾತನ್ನು ಮಾತ್ರ ನನಗೆ ಮತ್ತೆ ಮತ್ತೆ ಹೇಳಿದ್ದಳು. ಉಪಗ್ರಹ ಸಿಗುವವರೆಗೆ ನೆಲದ ಮೇಲೇ ಕಾಯಬೇಕು. ಯಾಕೆಂದರೆ ಅವು ಎಲ್ಲಿ ಸಿಗುತ್ತವೋ ಆ ಜಾಗವನ್ನೇ ಡ್ರೋನ್ ತಾನು ವಾಪಸ್ ಬರಬೇಕಾದ ಜಾಗ ಅಂತ ಗುರುತು ಹಾಕಿಕೊಳ್ಳುತ್ತದೆ. ಬ್ಯಾಟರಿ ಮುಗಿಯುತ್ತ ಬಂದರೆ ಯಾರನ್ನೂ ಕೇಳದೆ ಹೋಗಿ ಅಲ್ಲೇ ಇಳಿಯುತ್ತದೆ. "ಆತುರ ಮಾಡ್ಬೇಡಿ ಅಂಕಲ್," ಅಂದಿದ್ದಳು. ನನಗೆ ಪಾಠ ಹೇಳಬೇಡ ಅಂದಿದ್ದೆ.

ಮೊನ್ನೆ ಭಾನುವಾರ ಅಣೆಕಟ್ಟಿನ ಕಬ್ಬಿಣದ ಗೇಟಿನ ಬಳಿ ನಿಂತಿದ್ದೆವು. ಆ ಕಬ್ಬಿಣದ ಪಕ್ಕ ಜಿಪಿಎಸ್ ಸಿಗಲೊಲ್ಲದು. ಗಾಳಿ ಎದ್ದರೆ ನೀರು ಕಲಕುತ್ತದೆ, ಏನೂ ಕಾಣುವುದಿಲ್ಲ ಅಂತ ನಿಮ್ಮಮ್ಮನ ಗಡಿಬಿಡಿ. ಹಾರಿಸಿಬಿಟ್ಟೆ. ಡ್ರೋನ್ ನಡುನೀರಿನ ಮೇಲೆ ಹೋದಾಗ ರಿಮೋಟಿಗೆ ಸಿಕ್ಕಿಸಿದ್ದ ಫೋನ್ ಟಿಣ್ ಅಂತು, ವಾಪಸ್ ಬರುವ ಜಾಗದ ಗುರುತು ಅಲ್ಲೇ ಬಿತ್ತು. ಆಮೇಲೆ ಜೊಂಡಿನ ಅಂಚು ಉದ್ದಕ್ಕೂ ನೋಡಿದೆವು. ಬ್ಯಾಟರಿ ಇಳಿಯಿತು. ಡ್ರೋನ್ ತಾನೇ ತಿರುಗಿ ನಡುನೀರಿಗೆ ಹೋಗಿ ಇಳಿಯತೊಡಗಿತು. ಚಿತ್ರ ಒಂದಿಷ್ಟೂ ಅಲುಗಲಿಲ್ಲ. ನೀರು ಮೇಲೆ ಮೇಲೆ ಬಂತು, ಪರದೆ ಕಪ್ಪಾಯಿತು.

ನಿಮ್ಮಮ್ಮ ನನ್ನ ತೋಳು ಹಿಡಿದು, "ಡ್ರೋನಿಗೆ ಅವ್ನು ಕಂಡ. ಅದಕ್ಕೇ ಇಳೀತು," ಅಂದಳು.

ಅವತ್ತಿನಿಂದ ಇದೇ. ನಿನ್ನೆ ಮೀನು ಹಿಡಿಯುವವನನ್ನು ಬೇಡಿಕೊಂಡು ಅವನ ದೋಣಿಯಲ್ಲಿ ಆ ಜಾಗಕ್ಕೆ ಹೋಗಿದ್ದಳು. ವಾಪಸ್ ಬಂದು ಅವನು, "ಅಮ್ಮ ನೀರಿಗೆ ಬಾಗಿ ಕೈ ಇಳಿಬಿಡ್ತಾರೆ, ನಾನು ಹಿಂದಿನಿಂದ ಸೆರಗು ಹಿಡ್ಕೊಂಡು ಕೂತಿದ್ದೆ, ಇನ್ನು ಕರ್ಕೊಂಡು ಹೋಗಲ್ಲ," ಅಂದ. ಹೊಸ ಡ್ರೋನ್ ಬಂದರೆ ಅದೂ ಅಲ್ಲೇ ಇಳಿಯುತ್ತದೆ, ಆಗ ಎಲ್ಲರೂ ನಂಬುತ್ತಾರೆ ಅನ್ನುವುದು ಅವಳ ಲೆಕ್ಕ. ಅದಕ್ಕೇ ಕಳಿಸಬೇಡ ಅಂದದ್ದು.

ಕೆಮ್ಮಿಗೆ ಔಷಧಿ ತೆಗೆದುಕೊ, ಸೋಮಾರಿತನ ಮಾಡಬೇಡ. ಅಳಿಯನಿಗೆ ಕೇಳಿದೆ ಅಂತ ಹೇಳು. ಮೊಮ್ಮಗಳು ನೂರು ವರ್ಷ ಬಾಳಲಿ, ಈಜು ಕಲಿಸು ಅವಳಿಗೆ.

ನಿನ್ನ ಅಪ್ಪ

ಇನ್ನೊಂದು ಮಾತು. ಬ್ಯಾಟರಿ ಇಳಿದು ಅದು ತಾನೇ ಹೊರಟಾಗಲೂ ಕೈಲಿರುವ ರಿಮೋಟಿನ ಕಡ್ಡಿ ತಳ್ಳಿದರೆ ದಡಕ್ಕೆ ಬರುತ್ತದೆ. ಅದನ್ನೂ ರಿಪೇರಿಯವಳು ಕಲಿಸಿದ್ದಳು. ರಿಮೋಟ್ ನನ್ನ ಕೈಯಲ್ಲೇ ಇತ್ತು. ಬೆರಳು ಕಡ್ಡಿಯ ಮೇಲೇ ಇತ್ತು. ತಳ್ಳಲಿಲ್ಲ. ಅದೊಂದು ಹೋದರೆ ಇವಳ ಹುಡುಕಾಟ ನಿಲ್ಲುತ್ತದೆ, ಮನೆಗೆ ಬಂದು ಎರಡು ತುತ್ತು ತಿನ್ನುತ್ತಾಳೆ ಅಂದುಕೊಂಡೆ. ಈಗ ಅಲ್ಲಿ ಅವನಿಲ್ಲ ಅಂತ ಅವಳಿಗೆ ಹೇಳಬೇಕಾದರೆ ಇದನ್ನೂ ಹೇಳಬೇಕು. ಹೇಳುತ್ತೇನೆ. ನೀನು ಬಾ. ನಾನು ಬಾಯಿ ಬಿಡುವಾಗ ಅವಳ ಪಕ್ಕ ಯಾರಾದರೂ ಕೂತಿರಬೇಕು, ನನ್ನನ್ನು ಅವಳು ಹತ್ತಿರ ಸೇರಿಸುವುದಿಲ್ಲ.