ನದಿಯ ಉತ್ತರ ದಡದ ಮೊಲ

ಮಾರ್ಚ್ ೧೪, ಸಂಜೆ ಐದೂವರೆ
ಸಂಗ್ರಹಾಲಯದ ಮೊಲಗಳ ಕೋಣೆ

ಪ್ರೀತಿಯ ಅಮ್ಮ,

ಮೊದಲು ಕೂತುಕೋ. ಒಲೆಯ ಮೇಲೆ ಏನಾದರೂ ಇದ್ದರೆ ಆರಿಸಿ ಬಾ. ಫೋನಿನಲ್ಲಿ ಸಂಗ್ರಹಾಲಯದ ಸುದ್ದಿ ಎತ್ತಿದರೆ ನೀನು ಆಮೇಲೆ ಮಾತಾಡೋಣ ಎಂದು ಇಟ್ಟುಬಿಡುತ್ತೀ. ಅದಕ್ಕೇ ಪತ್ರ.

ನಿನ್ನ ಮೊಲ ಗೆದ್ದಿತು!

ಹೌದು, ಅದೇ. ಇಪ್ಪತ್ತೇಳು ವರ್ಷದ ಹಿಂದೆ, ಇಲ್ಲಿ ಚರ್ಮ ಹದಮಾಡುವ ಕೆಲಸದಲ್ಲಿದ್ದಾಗ, ನೀನು ನದಿಯ ಉತ್ತರ ದಡದಿಂದ ತಂದ ಹತ್ತಿಬಾಲದ ಮೊಲ. ಈ ಮೊಲದ ಉಪಪ್ರಭೇದಗಳ ನಕ್ಷೆಯಲ್ಲಿ ನದಿಯೇ ಗಡಿ: ಉತ್ತರಕ್ಕೆ ದೊಡ್ಡ ಬೂದು ಮೊಲ, ದಕ್ಷಿಣಕ್ಕೆ ಕತ್ತು ಕೆಂಪಗಿರುವ ಚಿಕ್ಕ ಮೊಲ. ನೀನು ತಂದದ್ದು ಕೆಂಪು ಕತ್ತಿನದು. ಆಗಿನ ದೊಡ್ಡ ಸಾಹೇಬರು ಮೊಲವನ್ನು ಬಿಟ್ಟು ನಕ್ಷೆಯನ್ನು ನೋಡಿದರು. ಮೊಲದ ಕಾಲಿಗೆ ಕಟ್ಟುವ ಸ್ಥಳದ ಚೀಟಿಯನ್ನು ನೀನೇ ಅದಲುಬದಲು ಮಾಡಿದ್ದೀ ಎಂದು ಎಲ್ಲರೆದುರು ಹೇಳಿ, ಅದರಲ್ಲಿದ್ದ ‘ಉತ್ತರ’ ಹೊಡೆದುಹಾಕಿ ‘ದಕ್ಷಿಣ’ ಎಂದು ಬರೆದರು. ಆ ವಾರವೇ ನೀನು ಕೆಲಸ ಬಿಟ್ಟೆ. ಆಮೇಲೆ ಉದ್ದಕ್ಕೂ ಪರದೆ, ದಿಂಬು ಹೊಲಿದೆ.

ಈಗ ಕೇಳು. ಹೊಸ ನಕ್ಷೆ ಬರೆಯುವ ಕೆಲಸ ನನ್ನದಲ್ಲವೇ? ಕಳೆದ ತಿಂಗಳು ಹತ್ತಿ ತುಂಬಿಟ್ಟ ಆ ಮೊಲವನ್ನು ಡ್ರಾಯರಿನಿಂದ ತೆಗೆದು ಮಗುಚಿದಾಗ ಹೊಟ್ಟೆಯ ಹೊಲಿಗೆ ಕಂಡಿತು. ಮೂರು ಚಿಕ್ಕದು, ಒಂದು ಉದ್ದ. ನನ್ನ ಶಾಲೆಯ ಕೋಟಿನ ಅಂಚಿಗೂ ನೀನು ಹಾಕುತ್ತಿದ್ದದ್ದು ಅದೇ. ಕೋಟು ಕಳೆದರೂ ಗುರುತು ಸಿಗಲೆಂದು ಆ ಅಂಚಿನೊಳಗೆ ನನ್ನ ಹೆಸರಿನ ಚೀಟಿ ಇಟ್ಟು ಹೊಲಿಯುತ್ತಿದ್ದೆಯಲ್ಲ! ಈಗ ಇಲ್ಲಿನ ಮುಖ್ಯಸ್ಥೆಯಾಗಿರುವ ಮೇಡಂ ಅವರನ್ನು ಕಾಡಿ ಬೇಡಿ ಒಪ್ಪಿಸಿ ನಾಲ್ಕು ಹೊಲಿಗೆ ಬಿಚ್ಚಿದೆ. ಒಳಗಿನ ಹತ್ತಿಯಲ್ಲಿ ಮಡಿಸಿದ ಚೀಟಿ, ನಿನ್ನ ಗುಂಡು ಅಕ್ಷರ: ಉತ್ತರ ದಡ, ಇಟ್ಟಿಗೆ ಗೂಡಿನ ಹಿಂದೆ, ಬೆಳಿಗ್ಗೆ ಆರು.

ಸೀದಾ ಆ ಗೂಡಿನ ಹಿಂದೆ ಹೋಗಿ ಬೋನು ಇಟ್ಟೆವು. ಒಂಬತ್ತು ದಿನ, ಆರು ಮೊಲ, ಆರಕ್ಕೂ ಕೆಂಪು ಕತ್ತು. ಕಿವಿ ಅಳೆದು, ಹಿಂಗಾಲು ಅಳೆದು, ಚೂರು ರಕ್ತ ತೆಗೆದು ಬಿಟ್ಟುಬಿಟ್ಟೆವು. ಇವತ್ತು ಮಧ್ಯಾಹ್ನ ರಕ್ತಪರೀಕ್ಷೆಯ ವರದಿ ಬಂತು. ಎಲ್ಲವೂ ದಕ್ಷಿಣದವೇ ಅಮ್ಮ, ನಕ್ಷೆಯನ್ನು ಕೇಳದೆ ನದಿ ದಾಟಿ ಸಂಸಾರ ಹೂಡಿವೆ! ಮೇಡಂ ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರು: “ಆ ಗೆರೆ ಅಳಿಸಿಬಿಡಮ್ಮಾ. ನಿಮ್ಮಮ್ಮ ತಪ್ಪು ಮಾಡಿರ್ಲಿಲ್ಲ.” ನಾನು ಅತ್ತೆ. ನುಸಿಗುಳಿಗೆಯ ಘಾಟು ಎಂದು ಹೇಳಿ ತಪ್ಪಿಸಿಕೊಂಡೆ.

ಇಲ್ಲಿ ಹಳೆಯ ಚೀಟಿ ಬಿಸಾಡುವುದಿಲ್ಲ, ಅದರ ಜೊತೆಗೇ ಹೊಸದನ್ನು ಕಟ್ಟುತ್ತೇವೆ. ಕಟ್ಟಿಯಾಯಿತು. ‘ತಂದವರು’ ಎಂಬ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಶುಕ್ರವಾರ ಬಂದು ನೀನೇ ಬರೆಯಬೇಕು.

ಎಷ್ಟೋ ಸಲ ಕೋಟು ಕಳೆದುಕೊಂಡ ನಿನ್ನ ಮಗಳು,
ಗಡಿಬಿಡಿ

ತಾ.ಕ.: ಇದು ಮರೆತದ್ದಲ್ಲ, ಧೈರ್ಯ ಸಾಲದೆ ಉಳಿಸಿಕೊಂಡದ್ದು. ಎರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆ ಮೊಲದ ಕಾಲಿಗೆ ನಾನೂ ಒಂದು ಚೀಟಿ ಕಟ್ಟಿದ್ದೆ: ‘ಸ್ಥಳ ನಂಬುವಂತಿಲ್ಲ, ನಕ್ಷೆಗೆ ಬೇಡ.’ ನಿನ್ನದೆಂದು ಗೊತ್ತಿತ್ತು. ಮಗುಚಿ ಕೂಡ ನೋಡಲಿಲ್ಲ. ಆ ಚೀಟಿಯೂ ಅಲ್ಲೇ ಇದೆ, ಶುಕ್ರವಾರ ನಿನ್ನ ಕಣ್ಣಿಗೆ ಬೀಳುತ್ತದೆ. ಆದರೂ ಬಾ, ಅಮ್ಮ.